ತಣ್ಣೀರಿನ ಕೊಳವೆ ತೊಳೆದ ಬೋರ

ಕೇಳಿ, ಮಂಡ್ಯದ ಕಡೆ ಒಂದು ಮದುವೆ ಛತ್ರ. ಛತ್ರ ಗುಡಿಸೋಳು ಸಾಕಮ್ಮ. ಸಾಕಮ್ಮನಿಗೆ ಒಬ್ಬನೇ ಮಗ, ಬೋರ. ಛತ್ರದ ಹಿಂದಿನ ಒಂದು ಕೋಣೆಯಲ್ಲಿ ತಾಯಿ ಮಗ ಇಬ್ಬರದೂ ವಾಸ.

ಬೋರ ಸೋಮಾರಿ ಅಂತ ಯಾರೂ ಅನ್ನೋ ಹಾಗಿರಲಿಲ್ಲ. ಹೇಳಿದ್ದನ್ನು ಮಾಡುತ್ತಿದ್ದ. ಹೇಳಿದ್ದನ್ನೇ ಮಾಡುತ್ತಿದ್ದ. ತೊಂದರೆ ಬಂದದ್ದೇ ಅದರಿಂದ! "ಅನ್ನ ಸೀದೋಯ್ತದೆ, ನೋಡ್ತಿರ್ಲಾ" ಅಂದರೆ ಸೀದು ಕರಕಲಾಗುವ ತನಕ ನೋಡುತ್ತಲೇ ಕೂತಿರುತ್ತಿದ್ದ.

"ಯಾವ ಜನ್ಮದ ಕರ್ಮವಪ್ಪಾ ನಂದು!" ಅಂತ ಸಾಕಮ್ಮ ಹಣೆ ಹಣೆ ಚಚ್ಚಿಕೊಳ್ಳೋಳು.

ಆ ಛತ್ರದ ಹಾಲ್‌ಗೆ ಏಸಿ ಇತ್ತು. ತಾರಸಿ ಮೇಲಿನ ಯಂತ್ರ ನೀರನ್ನು ತಣ್ಣಗೆ ಮಾಡಬೇಕು, ಪಂಪು ಅದನ್ನು ಕೊಳವೆಯಲ್ಲಿ ಹಾಲ್ ಸುತ್ತ ಓಡಿಸಬೇಕು, ಸುತ್ತಿ ಬಂದ ನೀರೇ ಮತ್ತೆ ತಣ್ಣಗಾಗಬೇಕು, ಮತ್ತೆ ಸುತ್ತಬೇಕು. ವರ್ಷಗಟ್ಟಲೆ ಅದೇ ನೀರು! ಒಳಗೆಲ್ಲ ತುಕ್ಕು, ಕೆಸರು. ಹಾಲ್ ತಣ್ಣಗಾಗುವುದೇ ನಿಂತುಹೋಯಿತು. ಸಾಹುಕಾರರೊಬ್ಬರ ಮಗಳ ಮದುವೆ ಬೇರೆ ಹತ್ತಿರ ಬಂತು. ಮ್ಯಾನೇಜರ್ ಶ್ರೀಕಂಠಯ್ಯನವರು ಕೊಳವೆ ತೊಳೆಯೋಕೆ ಅನ್ವರ್ ಮೇಸ್ತ್ರಿಯನ್ನು ಕರೆಸಿದರು. ಮೇಸ್ತ್ರಿಗೆ ಕೈಯಾಳು ಬೇಕಿತ್ತು.

"ನನ್ ಮಗನ್ನ ಹಾಕ್ಕೊಳಿ ಅಣ್ಣಾ, ಹೇಳಿದ್ ಮಾತು ಮೀರಾಕಿಲ್ಲ" ಅಂದಳು ಸಾಕಮ್ಮ.

ಶ್ರೀಕಂಠಯ್ಯ ಕನ್ನಡಕದ ಮೇಲಿಂದ ನೋಡಿದರು. "ಹಾಕ್ಕೊಳ್ಳಿ. ಆದ್ರೆ ಕೇಳು ಸಾಕಮ್ಮ, ಮುಹೂರ್ತದ ಹೊತ್ತಿಗೆ ಹಾಲ್ ತಣ್ಣಗಿರ್ಬೇಕು. ಇಲ್ದಿದ್ರೆ ನಿನ್ ಕೆಲ್ಸನೂ ಇಲ್ಲ, ಕೋಣೆನೂ ಇಲ್ಲ. ಇಬ್ರೂ ಗಂಟು ಕಟ್ಟಿ!"

ಸಾಕಮ್ಮ ಗಾಬರಿಯಿಂದ ಮಗನ ಕಡೆ ನೋಡಿದಳು. ಬೋರ ಮಾತ್ರ ಹಲ್ಲು ಬಿಟ್ಟುಕೊಂಡು ನಿಂತಿದ್ದ.

ಮೊದಲ ಕೆಲಸ ಬಂತು. "ಹಳೇ ನೀರು ಬಿಡೋ" ಅಂದ ಮೇಸ್ತ್ರಿ. "ಹಂಗೇ ಆಗ್ಲಿ ಮೇಸ್ತ್ರಿ!" ಬೋರ ನಿಂತಲ್ಲೇ ವಾಲ್ವ್ ತಿರುಗಿಸಿದ. ನಿಂತಿದ್ದದ್ದು ಉಗ್ರಾಣದಲ್ಲಿ. ಕಪ್ಪು ನೀರು ಭರ್ರೋ ಅಂತ ಬಂತು. ಸುತ್ತಿಟ್ಟ ಜಮಖಾನೆಗಳೆಲ್ಲ ಮಸಿಯಾದವು.

"ಅಯ್ಯೋ ಪೆದ್ದೇ! ಡ್ರಮ್ಮಿಗೆ ಹಿಡೀಬೇಕು ಕಣೋ! ಒಂದು ಹನಿ ನೆಲಕ್ಕೆ ಬೀಳ್ಬಾರದು!"

"ಹಂಗೇ ಆಗ್ಲಿ ಮೇಸ್ತ್ರಿ!"

ಆಮೇಲೆ ಕೊಳವೆಗೆ ಹೊಸ ನೀರು ಹಾಯಿಸಬೇಕಿತ್ತು. ಒಂದು ಕಡೆ ಬಿಡೋದು, ಇನ್ನೊಂದು ಕಡೆ ಹೊರಗೆ ಹೋಗೋದು. ಅದನ್ನು ಬೋರನಿಗೆ ಒಪ್ಪಿಸಿ ಮೇಸ್ತ್ರಿ ಊಟಕ್ಕೆ ಹೋದ. ಡ್ರಮ್ಮು ತುಂಬಿತು. ಒಂದು ಹನಿ ನೆಲಕ್ಕೆ ಬೀಳಬಾರದಲ್ಲ! ಬೋರ ಅಡುಗೆ ಮನೆಗೆ ಓಡಿದ. ಅನ್ನದ ಕೊಳಗ ತಂದ, ತುಂಬಿತು. ಹುಳಿಯ ಹಂಡೆ ತಂದ, ತುಂಬಿತು. ಪಾಯಸದ ಕಡಾಯಿ, ಮಜ್ಜಿಗೆ ಬಕೆಟ್ಟು, ಕೊನೆಗೆ ತಾಂಬೂಲದ ತಟ್ಟೆ! ಅಡುಗೆಯವರು ಬಂದು ನೋಡಿದರೆ ಒಂದು ಸೌಟಿನ ಹೊರತು ಖಾಲಿ ಪಾತ್ರೆಯೇ ಇಲ್ಲ. ಊಟ ಮುಗಿಸಿ ಬಂದ ಮೇಸ್ತ್ರಿ ಕೂಗಾಡಿದ.

"ಮುಠ್ಠಾಳ! ಕಣ್ಣಿಲ್ವಾ ನಿಂಗೆ? ಬಣ್ಣ ನೋಡೋ! ಕೊಳಕಾಗಿದ್ರೆ ಡ್ರಮ್ಮಿಗೆ ಹಿಡಿ, ತಿಳಿಯಾಗಿದ್ರೆ ಮೋರಿಗೆ ಬಿಡು!"

"ಹಂಗೇ ಆಗ್ಲಿ ಮೇಸ್ತ್ರಿ!"

ಮಾರನೆಯ ದಿನ ಮೇಸ್ತ್ರಿ ಕ್ಯಾನುಗಟ್ಟಲೆ ಮದ್ದು ತಂದು ಕೊಳವೆಗೆ ಸುರಿದ. ಒಳಗಿನ ತುಕ್ಕು ಬಿಡಿಸುವ ಮದ್ದು ಅದು. ಪಂಪು ಹಾಕಿ ಬೀಡಿ ಸೇದೋಕೆ ಕೆಳಗಿಳಿದ. ಬೋರ ವಾಲ್ವ್ ಸ್ವಲ್ಪ ತಿರುಗಿಸಿ ಬಣ್ಣ ನೋಡಿದ. ಮದ್ದು ಇನ್ನೂ ಈಗಷ್ಟೇ ಬಿದ್ದಿದೆ, ನೀರು ತಿಳಿಯಾಗೇ ಇದೆ! ಮೋರಿಗೆ ಬಿಟ್ಟ. ಪೂರಾ ಬಿಟ್ಟ. ಮೇಸ್ತ್ರಿ ಬಂದು ನೋಡಿದರೆ ಪಂಪು ಬರಿಗಾಳಿ ನುಂಗಿ ಗೊರಗೊರ ಅನ್ನುತ್ತಿದೆ.

"ಹಾಳಾದೋನೇ, ನನ್ ಮದ್ದೆಲ್ಲ ಮೋರಿ ಪಾಲಾಯ್ತಲ್ಲೋ! ಮದ್ದು ಹಾಕಿದ್ ಮೇಲೆ ಯಾರು ಏನೇ ಹೇಳ್ಲಿ, ವಾಲ್ವ್ ತೆಗೀಬೇಡ! ಅದು ಒಳಗೇ ಸುತ್ತುತ್ತಿರ್ಬೇಕು!"

"ಹಂಗೇ ಆಗ್ಲಿ ಮೇಸ್ತ್ರಿ!"

ಮೇಸ್ತ್ರಿ ಇನ್ನಷ್ಟು ಮದ್ದು ತಂದು ಸುರಿದ. ಈ ಸಲ ಅದು ಚೆನ್ನಾಗಿ ಸುತ್ತಿತು, ತುಕ್ಕನ್ನೆಲ್ಲ ಕಿತ್ತು ತನ್ನೊಳಗೆ ಎಳೆದುಕೊಂಡಿತು. "ಸಾಕು, ಈಗ ಬಿಡೋ" ಅಂದ ಮೇಸ್ತ್ರಿ. ಬೋರ ವಾಲ್ವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಕೂತ.

"ಯಾರು ಹೇಳುದ್ರೂ ತೆಗೀಬ್ಯಾಡ ಅಂದಿದ್ರಲ್ಲ!"

"ಲೇ, ನಾನೇ ಹೇಳ್ತಿರೋದು ಕಣೋ!"

"ನೀವು ಯಾರೂ ಅಲ್ವಾ ಮೇಸ್ತ್ರಿ?"

ಮೇಸ್ತ್ರಿ ಎಳೆದ. ಬೋರ ಬಿಡಲಿಲ್ಲ. ಸಾಕಮ್ಮ ಬಂದು ಪೊರಕೆಯಲ್ಲಿ ನಾಲ್ಕು ಬಿಟ್ಟ ಮೇಲೆ ಕೈ ಸಡಿಲಾಯಿತು. ಕೊಳೆ ನೀರನ್ನೆಲ್ಲ ಡ್ರಮ್ಮಿಗೆ ಹಿಡಿದು ಮೇಸ್ತ್ರಿ ಟೆಂಪೋದಲ್ಲಿ ಸಾಗಿಸಿದ. ವಾಪಸು ಬಂದವನಿಗೆ ದನಿ ಬಿದ್ದುಹೋಗಿತ್ತು.

"ಈಗ ಹೊಸ ನೀರು ಹಾಯ್ಸು. ಬಣ್ಣ ಬರೋದು ನಿಲ್ಲೋ ತನಕ ನೀರು ನಿಲ್ಲಿಸ್ಬೇಡ. ಯಾರು ಬಾಯಿ ಬಡ್ಕೊಂಡ್ರೂ ನಿಲ್ಲಿಸ್ಬೇಡ. ನಾನ್ ಬಾಯಿ ಬಡ್ಕೊಂಡ್ರೂ ನಿಲ್ಲಿಸ್ಬೇಡ! ತಿಳೀತಾ?"

"ಹಂಗೇ ಆಗ್ಲಿ ಮೇಸ್ತ್ರಿ!"

ನಂಬಿ, ಬಿಡಿ, ಈ ಸಲ ಬೋರ ಸರಿಯಾಗಿಯೇ ಮಾಡಿದ! ಕೆಂಪು ಹೋಗಿ ಕಂದಾಯಿತು, ಕಂದು ಹೋಗಿ ತಿಳಿಯಾಯಿತು. ಆಗ ನಿಲ್ಲಿಸಿದ. ಮೇಸ್ತ್ರಿ ಇನ್ನು ತುಕ್ಕು ಹಿಡಿಯದ ಹಾಗೆ ಕಾಯುವ ಮದ್ದು ಬೆರೆಸಿ, ಕೊಳವೆ ಭದ್ರ ಮಾಡಿ, ಯಂತ್ರ ಹಾಕಿದ. ಹಾಲ್ ತಣ್ಣಗಾಯಿತು. ಎಂಥಾ ತಣ್ಣಗೆ! ಸಾಕಮ್ಮ ಹಾಲ್ ನಡುವೆ ನಿಂತು ಕಣ್ಣೊರೆಸಿಕೊಂಡಳು. ಮಗ ಒಂದು ಕೆಲಸವನ್ನು ಸರಿಯಾಗಿ ಮುಗಿಸಿದ್ದನ್ನು ಅವಳು ಕಂಡದ್ದು ಅದೇ ಮೊದಲು.

ಮದುವೆಯ ದಿನ ಬಂತು. ಮದುಮಗ ಕೊಡೆ, ಕೋಲು ಹಿಡಿದು ಕಾಶಿಯಾತ್ರೆಗೆ ಹೊರಟ. ಮಾವನಾಗುವವರು ಹಿಂದೆ ಹೋಗಿ, "ಕಾಶಿ ಬೇಡಪ್ಪಾ, ಮಗಳನ್ನ ಕೊಡ್ತೀನಿ" ಅಂತ ಪುಸಲಾಯಿಸಿ ಕರೆದುಕೊಂಡು ಬರಬೇಕು. ಸಾಕಮ್ಮನಿಗೆ ಕೈ ತುಂಬ ಕೆಲಸ. ಬಾಗಿಲಲ್ಲಿ ಬೋರನನ್ನು ನಿಲ್ಲಿಸಿದಳು, ಗಿಡಕ್ಕೆ ನೀರು ಬಿಡುವ ಪೈಪು ಕೈಗೆ ಕೊಟ್ಟಳು.

"ಗಂಡು ಬಂದ್ರೆ ಕಾಲಿಗೆ ನೀರು ಬಿಡು. ಅಷ್ಟೇ ಕಣಪ್ಪಾ!"

ಗಂಡು ಬಂದ. ಬೋರ ಕಾಲಿಗೆ ನೀರು ಬಿಟ್ಟ. ಕಾಲಿಗೆ ಬಳಿದಿದ್ದ ಅರಿಶಿನ ಹಳದಿಯಾಗಿ ಹರಿಯಿತು. ಬಣ್ಣ ಬರ್ತಿದೆಯಲ್ಲ! ನಿಲ್ಲಿಸಲಿಲ್ಲ. ಪಂಚೆಗೆ ಬಿಟ್ಟ. ಪಂಚೆಯೂ ಅರಿಶಿನದಲ್ಲಿ ಅದ್ದಿದ್ದು, ಇನ್ನೂ ಹಳದಿ! ಹಣೆಗೆ ಬಿಟ್ಟ, ಕುಂಕುಮ ಕೆಂಪಗೆ ಇಳಿಯಿತು.

"ನಿಲ್ಸೋ! ನಿಲ್ಸೋ!" ಅಂತ ಮದುಮಗ ಬಾಯಿ ಬಡಿದುಕೊಂಡ. ಮಾವ ಬಾಯಿ ಬಡಿದುಕೊಂಡರು. ಬಾಯಿ ಬಡಿದುಕೊಂಡರೆ ನಿಲ್ಲಿಸುವ ಹಾಗಿಲ್ಲವಲ್ಲ! ತಿಳಿ ನೀರು ಹರಿಯುವ ತನಕ ತೊಳೆದು, "ಈಗ ಚೊಕ್ಕ ಆದ್ರಿ ಸ್ವಾಮಿ, ಒಳಕ್ಕೆ ಬನ್ನಿ" ಅಂದ.

ಮುಹೂರ್ತಕ್ಕೆ ಹೊತ್ತಾಗುತ್ತಿದೆ, ಬಟ್ಟೆ ಬದಲಿಸೋಕೆ ಸಮಯವಿಲ್ಲ. ಒದ್ದೆ ಮದುಮಗನನ್ನು ಹಾಗೇ ಮಣೆ ಮೇಲೆ ನಿಲ್ಲಿಸಿದರು. ಹಾಲ್ ಹಿಮಾಲಯ! ಅವನ ಹಲ್ಲು ಕಟಕಟ, ಮೈ ಗಡಗಡ. ಶ್ರೀಕಂಠಯ್ಯ ಕೆಂಡವಾಗಿ ಬಂದರು. ಸಾಕಮ್ಮ ಕೈ ಮುಗಿದಳು.

"ಹಾಲ್ ತಣ್ಣಗಿರ್ಬೇಕು ಅಂದ್ರಿ ಸ್ವಾಮಿ. ತಣ್ಣಗೈತಲ್ಲ?"

ಶ್ರೀಕಂಠಯ್ಯ ನಡುಗುತ್ತಿದ್ದ ಮದುಮಗನ ಕಡೆ ನೋಡಿದರು. "ಐತೆ ಕಣಮ್ಮಾ, ಐತೆ. ನಿನ್ ಕೆಲ್ಸ ಉಳೀತು ಹೋಗು. ಮೊದ್ಲು ಆ ಹುಡುಗನಿಗೆ ಏನಾದ್ರೂ ಹೊದಿಸ್ರಿ, ಸತ್ತೋಗ್ತಾನೆ!"

ಸಾಕಮ್ಮ ಮಗನ ಕಡೆ ತಿರುಗಿದಳು. "ಓಡ್ಲಾ! ಒಣಬಟ್ಟೆ ಎಲ್ಲಿ ಕಂಡ್ರೆ ಅಲ್ಲಿಂದ ತಕ್ಕೊಂಡು ಹೊದಿಸ್ಲಾ!"

"ಹಂಗೇ ಆಗ್ಲಿ ಕಣವ್ವಾ!"

ಆಗ ಪುರೋಹಿತರು ಮಂಗಳಾಷ್ಟಕ ಹೇಳುತ್ತಿದ್ದರು. ಹೆಣ್ಣು ಗಂಡು ಒಬ್ಬರನ್ನೊಬ್ಬರು ನೋಡಬಾರದು ಅಂತ ನಡುವೆ ಅಂತರಪಟ ಹಿಡಿದಿದ್ದರು. ಒಳ್ಳೇ ಒಣಬಟ್ಟೆ. ಬೋರ ಹಾರಿ ಅದನ್ನೇ ಕಿತ್ತುಕೊಂಡು ಮದುಮಗನಿಗೆ ತಲೆಯಿಂದ ಕಾಲಿನ ತನಕ ಸುತ್ತಿಬಿಟ್ಟ!

ಮಂತ್ರ ಪುರೋಹಿತರ ಬಾಯಲ್ಲೇ ನಿಂತಿತು. ಪಟ ಸರಿದದ್ದನ್ನು ಕಂಡ ವಾಲಗದವರು ಮುಹೂರ್ತ ಬಂತೆಂದು ಗಟ್ಟಿಮೇಳ ಬಾರಿಸಿದರು. ಜನರೆಲ್ಲ ಅಕ್ಷತೆ ತೂರಿದರು. ತಾಳಿ ಇನ್ನೂ ತಟ್ಟೆಯಲ್ಲೇ ಇತ್ತು. ಮುಸುಕಿನೊಳಗೆ ನಡುಗುತ್ತಿದ್ದ ಗಂಡನ್ನು ನೋಡಿ ಹೆಣ್ಣು ಕಿಸಕ್ಕನೆ ನಕ್ಕಳು.

ಸಾಕಮ್ಮ ಯಾರ ಮುಖವನ್ನೂ ನೋಡಲಿಲ್ಲ. ಸೊಂಟದಿಂದ ಕೋಣೆಯ ಬೀಗದ ಕೈ ಬಿಚ್ಚಿ, ಕೇಳುವ ಮೊದಲೇ ಶ್ರೀಕಂಠಯ್ಯನವರ ಕೈಗಿಟ್ಟಳು.

ಬೋರ ಮಾತ್ರ ಪುರೋಹಿತರ ಶಲ್ಯವನ್ನೇ ದಿಟ್ಟಿಸುತ್ತಿದ್ದ. "ಅವ್ವಾ, ಇನ್ನೂ ನಡುಗ್ತಾವ್ನೆ. ಅದ್ನೂ ತರ್ಲಾ?"