ಹರಿಯದ ರಿಬ್ಬನ್ನು

ಕತೆ ಕೇಳೋದಾದರೆ ಬಾಯಲ್ಲಿರೋ ಎಲೆಅಡಿಕೆ ಮೊದಲು ಉಗುಳಿ ಬಂದು ಕೂತ್ಕೊಳ್ಳಿ. ನಡುವೆ ಗಂಟಲಿಗೆ ಸಿಕ್ಕಿಕೊಂಡರೆ ಅದಕ್ಕೆ ನಾನು ಹೊಣೆಯಲ್ಲ.

ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ಹಳೇ ರಸ್ತೆಯ ಪಕ್ಕದಲ್ಲಿ ತಿಪ್ಪಮ್ಮ ಅಂತ ಒಬ್ಬಳಿದ್ದಳು. ಲಾರಿಗೆ ಹೊದಿಸುವ ತಾಡಪಾಲು ಹೊಲಿಯುವುದು ಅವಳ ಕಸುಬು. ಹೊಲಿಗೆ ಬಿಚ್ಚಿತು ಅಂತ ಮೂವತ್ತು ವರ್ಷದಲ್ಲಿ ಒಬ್ಬ ಡ್ರೈವರೂ ಅವಳ ಹತ್ತಿರ ವಾಪಸು ಬಂದವನಲ್ಲ. ಅವಳಿಗೆ ಒಬ್ಬನೇ ಮಗ, ಓಬಳೇಶ. ವಯಸ್ಸು ಇಪ್ಪತ್ತೆಂಟು, ಮೈ ಎತ್ತಿನಂಥದ್ದು, ಮನಸ್ಸು ಹಾಲಿನಂಥದ್ದು. ದೇವರು ಬುದ್ಧಿ ಹಂಚುವ ದಿನ ಮಾತ್ರ ಇವನು ಎಲ್ಲೋ ಬೇರೆ ಸಾಲಿನಲ್ಲಿ ನಿಂತಿದ್ದ ಅಂತ ಕಾಣುತ್ತೆ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಒಲೆ ಮುಂದಿನಿಂದ ಏಳಬೇಡ ಅಂದರೆ ಏಳುತ್ತಿರಲಿಲ್ಲ, ಬೆನ್ನ ಹಿಂದೆ ಬೆಕ್ಕು ಹಾಲು ಕುಡಿದು ಬಾಯಿ ಒರೆಸಿಕೊಂಡು ಹೋದರೂ ಏಳುತ್ತಿರಲಿಲ್ಲ.

ಈಚೆಗೆ ತಿಪ್ಪಮ್ಮನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಸೂಜಿಗೆ ದಾರ ಪೋಣಿಸಲು ಪಕ್ಕದ ಮನೆಯವರನ್ನು ಕೂಗಬೇಕು. ನನ್ನ ಕೈ ನಿಂತ ಮೇಲೆ ಇವನಿಗೆ ಯಾರು ದಿಕ್ಕು ಅನ್ನುವುದೊಂದೇ ಅವಳ ಸಂಕಟ. ಆ ಹೊತ್ತಿಗೆ ಸರಿಯಾಗಿ ಅದೇ ರಸ್ತೆಯಲ್ಲಿ ಪಾಲಾಕ್ಷಪ್ಪನವರು ಒಂದು ವಾಟರ್ ಪಾರ್ಕ್ ಕಟ್ಟಿಸಿದರು. ಅದರ ಬಾಗಿಲಲ್ಲೇ ಗಾಳಿ ತುಂಬಿ ನಿಲ್ಲಿಸುವ ದೊಡ್ಡ ಜಾರುಬಂಡೆ. ಮೇಲಿಂದ ನೀರು ಬಿಟ್ಟರೆ ಮಕ್ಕಳು ಜರ್ರನೆ ಜಾರಿ ಕೆಳಗಿನ ಕೊಳಕ್ಕೆ ಬೀಳಬೇಕು. ಮಗನಿಗೊಂದು ಕೆಲಸ ಕೊಡಿ ಅಂತ ತಿಪ್ಪಮ್ಮ ಹೋಗಿ ಅವರ ಮುಂದೆ ಕೈ ಮುಗಿದು ನಿಂತಳು.

ಪಾಲಾಕ್ಷಪ್ಪ ಒಂದು ನೀಲಿ ಟೀ ಶರ್ಟು ತಂದು ಕೊಟ್ಟರು. "ಉದ್ಘಾಟನೆ ತನಕ ಹಾಕ್ಕಳ್ಳಿ. ಅವತ್ತು ಎಲ್ಲ ಸರಿಯಾಗಿ ನಡೆದ್ರೆ ಶರ್ಟೂ ಅವನ್ದೇ, ಕೆಲಸಾನೂ ಅವನ್ದೇ. ಇಲ್ಲಾಂದ್ರೆ ಶರ್ಟು ವಾಪಸ್ ತಂದುಕೊಡು, ತಿಪ್ಪಮ್ಮ."

ಮೊದಲ ದಿನ ಜಾರುಬಂಡೆ ಲಾರಿಯಲ್ಲಿ ಸುರುಳಿಯಾಗಿ ಬಂತು. "ತೂತುಗೀತು ಐತಾ ನೋಡಪ್ಪ ಓಬಳೇಶ, ಇದ್ರೆ ಮುಚ್ಚು" ಅಂದು ಪಾಲಾಕ್ಷಪ್ಪ ಊಟಕ್ಕೆ ಹೋದರು. ತಾಡಪಾಲಿನ ತೂತು ಹುಡುಕುವುದು ಹೇಗೆ ಅಂತ ಓಬಳೇಶನಿಗೆ ಚೆನ್ನಾಗಿ ಗೊತ್ತು. ಅವ್ವ ಮಾಡುವ ಹಾಗೆ ಬಟ್ಟೆಯ ಅಡಿಗೆ ತೂರಿಕೊಂಡು ಬಿಸಿಲಿನ ಕಡೆ ನೋಡಬೇಕು, ಬೆಳಕು ಎಲ್ಲಿ ಚುಕ್ಕಿಯಾಗಿ ಕಾಣುತ್ತೋ ಅಲ್ಲಿ ತೂತು. ಇವನು ಜಾರುಬಂಡೆಯ ಹೊಟ್ಟೆಯೊಳಗೆ ತೂರಿದ. ನೋಡಿದರೆ ಹೊಲಿಗೆಯ ಉದ್ದಕ್ಕೂ ಸೂಜಿಯ ಚುಕ್ಕಿ, ಸಾವಿರ ಚುಕ್ಕಿ! ಅಂಟು ತಂದು ಒಂದನ್ನೂ ಬಿಡದೆ ಮುಚ್ಚಿದ. ಗಾಳಿ ಹೊರಗೆ ಹೋಗಲಿ ಅಂತ ಕಂಪನಿಯವರು ಬಿಟ್ಟಿದ್ದ ಎರಡು ಕಿಂಡಿಗೂ ತಾಡಪಾಲಿನ ತೇಪೆ ಹಾಕಿದ. ಮಾರನೇ ದಿನ ಗಾಳಿ ತುಂಬುವ ಬ್ಲೋವರ್ ಹಾಕಿದರು. ಜಾರುಬಂಡೆ ಎದ್ದಿತು, ಉಬ್ಬಿತು, ಇನ್ನೂ ಉಬ್ಬಿತು, ಉಬ್ಬಿ ಉಬ್ಬಿ ಮಗ್ಗುಲಲ್ಲಿ ಢಬ್ಬೆಂದಿತು. ಎದುರಿನ ಗ್ಯಾರೇಜಿನವರು ಸಿಲಿಂಡರೇ ಸಿಡಿಯಿತು ಅಂತ ರಸ್ತೆಗೆ ಓಡಿ ಬಂದರು.

ತಿಪ್ಪಮ್ಮನೇ ಬಂದು ಬಿಚ್ಚಿಹೋದ ಕಡೆ ಮತ್ತೆ ಹೊಲಿಗೆ ಹಾಕಿದಳು. ಕಂಪನಿಯ ದಾರ ಬೇರೆ ಥರದ್ದು. ಮೂವತ್ತು ವರ್ಷ ಹಲ್ಲಲ್ಲೇ ದಾರ ಕಡಿದವಳು ಅವತ್ತು ಕಡಿಯಲು ಹೋದರೆ ದಾರ ಹಾಗೇ ಇತ್ತು, ಹಲ್ಲು ಅಲುಗಾಡಿತು. ಕೆನ್ನೆ ಹಿಡಿದುಕೊಂಡೇ ಮಗನಿಗೆ ಬೈದಳು.

"ಥೂ ನಿನ್ನ, ಎಲ್ಲಾ ಮುಚ್ಚಿಬಿಟ್ರೆ ಅದು ಉಸಿರಾಡೋದು ಹೆಂಗಲೇ?"

"ನೋಡಿ ಮುಚ್ಚು ಅಂದ್ರು ಅವ್ವಾ."

"ಕೇಳಿಲ್ಲಿ. ಸುಸ್ ಅಂತ ಗಾಳಿ ಬಂದ್ರೆ ಅದು ಉಸಿರಾಡ್ತೈತೆ ಅಂತ ತಿಳ್ಕ. ಅದರ ಪಾಡಿಗೆ ಅದನ್ನ ಬಿಡು."

"ಹೂಂ ಅವ್ವಾ, ಬಿಡ್ತೀನಿ."

ಎರಡು ದಿನ ಕಳೆಯಿತು. ಪಾಲಾಕ್ಷಪ್ಪನವರ ಜೀಪಿನ ಹಿಂದಿನ ಚಕ್ರಕ್ಕೆ ಜಾಲಿಮುಳ್ಳು ಚುಚ್ಚಿ ಸುಸ್ ಅನ್ನತೊಡಗಿತು. ಓಬಳೇಶ ಅಲ್ಲೇ ಇದ್ದ. ಓಡಿ ಹೋಗಿ ಹೇಳಿದನೇ? ಇಲ್ಲ. ಕುರ್ಚಿ ತಂದು ಚಕ್ರದ ಪಕ್ಕ ಹಾಕಿಕೊಂಡು ಕೂತ. ಹೋಗುವವರಿಗೆ ಬರುವವರಿಗೆ ಸದ್ದು ಮಾಡಬೇಡಿ ಅಂತ ಕೈಸನ್ನೆ ಮಾಡಿದ. ಆಮೇಲೆ ಉಳಿದ ಮೂರು ಚಕ್ರ ನೋಡಿದ. ಅವು ಸುಮ್ಮನಿದ್ದವು. ಪಾಪ, ಉಸಿರು ಕಟ್ಟಿಕೊಂಡಿವೆ ಅಂತ ಇವನ ಕರುಳು ಚುರ್ರೆಂದಿತು. ಒಂದೊಂದಾಗಿ ಮೂರರ ವಾಲ್ವನ್ನೂ ಬಿಚ್ಚಿದ. ಪಾಲಾಕ್ಷಪ್ಪ ಬ್ಯಾಂಕಿಗೆ ಹೋಗಬೇಕು ಅಂತ ಕೀಲಿ ಹಿಡಿದು ಬಂದರೆ ಜೀಪು ನೆಲಕ್ಕೆ ಕೂತಿದೆ, ಪಕ್ಕದಲ್ಲಿ ಇವನು ಬೀಸಣಿಗೆ ಬೀಸುತ್ತಿದ್ದಾನೆ.

ಸುದ್ದಿ ತಿಪ್ಪಮ್ಮನಿಗೆ ಮುಟ್ಟಿತು. ಶರ್ಟು ಕೈ ಬಿಡುತ್ತೆ ಅಂತ ಹೆದರಿ, ಹೋಗಿ ಪಾಲಾಕ್ಷಪ್ಪನವರ ಕಾಲಿಗೆ ಬಿದ್ದು ಬಂದಳು.

"ಚಕ್ರ ಉಸಿರಾಡ್ತದೇನಲೇ, ಮಂಗ್ಯಾ?"

"ಸುಸ್ ಅಂತಿತ್ತು ಅವ್ವಾ. ಬಿಟ್ಟೆ."

"ಇನ್ಮ್ಯಾಲೆ ಬಿಡಬ್ಯಾಡ. ಸುಸ್ ಅಂತ ಎಲ್ಲಿ ಕೇಳಿದ್ರೂ ಅಂಗೈ ಒತ್ತಿ ಹಿಡಕ. ಯಾರಾದ್ರೂ ಬರೋ ತನಕ ಕೈ ತೆಗೀಬ್ಯಾಡ."

"ಹೂಂ ಅವ್ವಾ, ತೆಗಿಯಲ್ಲ."

ಉದ್ಘಾಟನೆಗೆ ಒಂದು ದಿನ ಉಳಿದಿತ್ತು. ಜಾರುಬಂಡೆ ಪರೀಕ್ಷೆ ಮಾಡಲು ಕೊಯಮತ್ತೂರಿನ ಕಂಪನಿಯಿಂದ ದೊರೈರಾಜ್ ಅನ್ನುವ ಎಂಜಿನಿಯರು ಬಂದರು. ಜಾರುಬಂಡೆ ನಿಲ್ಲಿಸಿ, ಅದರ ನಾಲ್ಕು ಮೂಲೆಯ ಕೆಂಪು ಪಟ್ಟಿಗಳನ್ನು ಎಳೆದು, ನೆಲಕ್ಕೆ ಹೊಡೆದ ನಾಲ್ಕು ಕಬ್ಬಿಣದ ಗೂಟಕ್ಕೆ ಕೊಕ್ಕೆ ಹಾಕಿಸಿದರು. ಆಮೇಲೆ ಎಲ್ಲರನ್ನೂ ಕೂರಿಸಿ ಹೇಳಿದರು. ಈ ಬಟ್ಟೆ ಮೇಲೆ ನೋಡಲು ಪ್ಲಾಸ್ಟಿಕ್ಕು, ಒಳಗೆ ಪಾಲಿಯೆಸ್ಟರ್ ನೂಲಿನ ನೇಯ್ಗೆ. ಪಟ್ಟಿಯ ನೂಲು ಅದಕ್ಕಿಂತ ಗಟ್ಟಿ, ಇದೊಂದು ಪಟ್ಟಿಯಲ್ಲಿ ಕಾರು ಎಳೆಯಬಹುದು. "ಗಾಳಿ ಹೆದರಿಸಲ್ಲ, ನೀರು ಹೆದರಿಸಲ್ಲ. ಇದಕ್ಕೆ ಶತ್ರು ಒಂದೇ, ಚೂಪು. ಚೂಪಾದ್ದು ಏನೂ ಇದರ ಹತ್ತಿರ ಇರಬಾರದು." ಓಬಳೇಶ ಕಣ್ಣು ಮಿಟುಕಿಸದೆ ಕೇಳಿಸಿಕೊಂಡ.

ಮಾತು ಮುಗಿದ ಮೇಲೆ ಮಂಡಕ್ಕಿ, ಮೆಣಸಿನಕಾಯಿ ಬಂತು. ದಾವಣಗೆರೆಗೆ ಬಂದವರಿಗೆ ಅದನ್ನು ಕೊಡದೆ ಕಳಿಸುವುದುಂಟೇ? ದೊರೈರಾಜ್ ಅದರ ಖಾರ ಕಂಡರಿಯದವರು, ಬಜ್ಜಿ ಅಂತ ಇಡೀ ಮೆಣಸಿನಕಾಯಿ ಒಂದೇ ಸಲಕ್ಕೆ ಕಚ್ಚಿದರು. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು, ಹಲ್ಲು ಬಿಗಿದು ಸ್ ಸ್ ಸ್ ಅಂದರು.

ಓಬಳೇಶ ಒಂದೇ ನೆಗೆತಕ್ಕೆ ಬಂದು ಅವರ ಬಾಯಿಗೆ ಅಂಗೈ ಒತ್ತಿದ. ಅವರು ಕೊಸರಿದರು. ಇವನು ಇನ್ನೂ ಒತ್ತಿದ. "ಬರ್ರಿ, ಯಾರಾದ್ರೂ ಬರ್ರಿ, ಇಲ್ಲೈತೆ!" ಅಂತ ಕೂಗಿದ. ನಾಲ್ಕು ಜನ ಹಿಡಿದು ಎಳೆದ ಮೇಲೆ ಕೈ ತೆಗೆದ. ದೊರೈರಾಜ್ ನೀರೂ ಕೇಳದೆ ಹೋಗಿ ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಂಡರು.

ತಿಪ್ಪಮ್ಮ ಮನೆಗೆ ಬಂದ ಮೇಲೆ ಮಗನನ್ನು ಎದುರಿಗೆ ಕೂರಿಸಿಕೊಂಡು ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ನಾಳೆ ಒಂದಿನ ಓಬಳೇಶ. ನಾಳೆ ಒಂದಿನ ದಾಟಿದ್ರೆ ನೀನು ಬದುಕ್ಕಂತಿ, ನಾನು ಕಣ್ಣು ಮುಚ್ಕೊಂತೀನಿ. ಪಾಲಾಕ್ಷಪ್ಪೋರು ಹೇಳಿದ್ದು ಮಾಡು. ಯಾರನ್ನೂ ಮುಟ್ಟಬ್ಯಾಡ. ದೊಡ್ಡೋರು ಹೊರಟ್ರೆ ಅಡ್ಡ ಹೋಗಬ್ಯಾಡ, ದೂರ ನಿಂತು ಕೈ ಮುಗಿದು 'ಹೋಗಿ ಬನ್ನಿ' ಅನ್ನು. ಏನು ಅಂತಿ?"

"ಹೋಗಿ ಬನ್ನಿ ಅಂತೀನಿ ಅವ್ವಾ."

ಮಾರನೇ ದಿನ ತಿಪ್ಪಮ್ಮ ಇದ್ದುದರಲ್ಲಿ ಒಳ್ಳೇ ಸೀರೆ ಉಟ್ಟು ಬಂದಳು. ಮಗ ಆಗಲೇ ಕೆಲಸಕ್ಕೆ ನಿಂತಿದ್ದ. ಹೆಂಗಸರ ಹೇರ್‌ಪಿನ್ನು, ಮಕ್ಕಳ ಪೆನ್ಸಿಲ್ಲು, ಯಾರದೋ ಚಾಕು, ಎಲ್ಲ ಕೇಳಿ ಕೇಳಿ ಇಸಿದುಕೊಂಡು ಬಕೆಟ್ಟಿಗೆ ಹಾಕುತ್ತಿದ್ದ. ಒಬ್ಬರನ್ನೂ ಮುಟ್ಟಲಿಲ್ಲ. ಪಾಲಾಕ್ಷಪ್ಪನವರೇ "ಪರವಾಗಿಲ್ಲ ತಿಪ್ಪಮ್ಮ, ಕಲಿತ ನಿನ್ ಮಗ" ಅಂದರು. ಅವಳಿಗೆ ಅಳುವೇ ಬಂತು.

"ನೋಡವ್ವಾ, ಚೂಪಾದ್ದು ಒಂದೂ ಬಿಟ್ಟಿಲ್ಲ" ಅಂತ ಅವನು ಬಕೆಟ್ಟು ಅಲ್ಲಾಡಿಸಿದ. ಬಕೆಟ್ಟಿನ ತಳದಲ್ಲಿ ಏನೋ ಭಾರದ ಕಬ್ಬಿಣ ಠಣ್ ಅಂದಿತು. ತಿಪ್ಪಮ್ಮ ಬಗ್ಗಿ ನೋಡಿದಳು. ಪೊರೆ ಬಂದ ಕಣ್ಣಿಗೆ ಏನು ಕಂಡೀತು? ಈಗಿನ ಹೆಂಗಸರು ಎಷ್ಟು ದಪ್ಪ ದಪ್ಪ ಪಿನ್ನು ಸಿಗಿಸಿಕೊಳ್ಳುತ್ತಾರಪ್ಪ ಅಂದುಕೊಂಡಳು.

ಅಷ್ಟರಲ್ಲಿ ಬಾಗಿಲಲ್ಲಿ ಗಲಾಟೆ. ಬಾಗಿಲಿಗೆ ಕಟ್ಟಿದ್ದ ಸ್ಯಾಟಿನ್ ರಿಬ್ಬನ್ನು ಗಾಳಿಗೆ ಎರಡು ಸಲ ಹರಿದಿತ್ತು, ಒಂದು ಕಡೆಯ ಕಂಬಕ್ಕೆ ಆಗತಾನೆ ಬಣ್ಣ ಬಳಿದಿದ್ದರು, ಅತಿಥಿಗಳ ಕಾರು ಬಂದೇಬಿಟ್ಟಿತ್ತು. ಅತಿಥಿ ಅಂದರೆ ಬಟ್ಟೆ ಅಂಗಡಿ ಮುರಿಗೆಪ್ಪನವರು. ಥಾನಿನ ಅಂಚಿಗೆ ಒಂದು ಕತ್ತರಿ ಹಾಕಿ ಚರ್ರನೆ ಹರಿದು ಕೊಟ್ಟರೆ ಒಂದೆಳೆ ಅತ್ತಿತ್ತ ಆಗದ ಕೈ. ಪಾಲಾಕ್ಷಪ್ಪ ಹಾರ ಹಿಡಿದು ಓಡುತ್ತಾ ಕೂಗಿದರು.

"ಲೇ ಓಬಳೇಶ, ಹರಿಯದೇ ಇರೋದು ಏನಾದ್ರೂ ಕಟ್ಟೋ, ಬೇಗ!"

"ಆ ಕಡೆ ಕಂಬ ಹಸಿ ಐತಲ್ರೀ?"

"ಆ ಕಡೆ ಏನೈತೋ ಅದಕ್ಕೆ ಕಟ್ಟು ಮಾರಾಯ!"

ಹರಿಯದೇ ಇರುವುದು ಯಾವುದು ಅಂತ ಓಬಳೇಶನಿಗೆ ನಿನ್ನೆಯೇ ಗೊತ್ತಾಗಿತ್ತು. ಅದು ಕೆಂಪಗೂ ಇತ್ತು. ಜಾರುಬಂಡೆಯ ಮೂಲೆಯಿಂದ ಆ ಪಟ್ಟಿ ಎಳೆದು ತಂದು, ಬಾಗಿಲಿಗೆ ಅಡ್ಡಲಾಗಿ ಹಾಯಿಸಿದ. ಆ ಕಡೆ ಏನಿತ್ತು? ಮುರಿಗೆಪ್ಪನವರ ಕಾರಿತ್ತು. ಕೆಟ್ಟಾಗ ಹಗ್ಗ ಕಟ್ಟಿ ಎಳೆಯಲೆಂದು ಅದರ ಹಿಂದೆ ಇರುವ ಕಬ್ಬಿಣದ ಬಳೆಗೆ ಕೊಕ್ಕೆ ಸಿಗಿಸಿದ.

ಮುರಿಗೆಪ್ಪ ನಗುನಗುತ್ತಾ ಕತ್ತರಿ ಹಾಕಿದರು. ಕಚ್ ಅಂದಿತು, ಕತ್ತರಿಸಲಿಲ್ಲ. ಮತ್ತೊಮ್ಮೆ ಹಾಕಿದರು, ಇಲ್ಲ. ಎರಡೂ ಕೈಯಲ್ಲಿ ಹಿಡಿದು ಒತ್ತಿದರು, ಕತ್ತರಿಯ ಮೊಳೆ ಕಿತ್ತು ಎರಡು ತುಂಡಾಯಿತು. ಐವತ್ತು ವರ್ಷ ಬಟ್ಟೆ ಹರಿದ ಕೈಯನ್ನು ಅವರು ತಿರುಗಿಸಿ ತಿರುಗಿಸಿ ನೋಡಿಕೊಂಡರು. "ಇಂಥ ರಿಬ್ಬನ್ನು ನಮ್ಮ ಅಂಗಡೀಲೂ ಇಲ್ಲ ಬಿಡ್ರೀ" ಅಂದು ಪಟ್ಟಿಯ ಅಡಿಯಲ್ಲಿ ನುಸುಳಿ ಒಳಗೆ ಹೋದರು. ತೆಂಗಿನಕಾಯಿ ಒಡೆದರು, ಹಾರ ಹಾಕಿಸಿಕೊಂಡರು, ಮದುವೆಗೆ ಹೋಗಬೇಕು ಅಂತ ಅವಸರದಲ್ಲಿ ಬಂದು ಕಾರು ಹತ್ತಿದರು. ಮಕ್ಕಳು ಇನ್ನೂ ಕೊಳದ ಆಚೆ ಸಾಲಾಗಿ ನಿಂತಿದ್ದರು, ಒಂದು ಮಗುವೂ ಮೆಟ್ಟಿಲು ಹತ್ತಿರಲಿಲ್ಲ. ಅದೊಂದು ಪುಣ್ಯ.

ಕಾರು ಹೊರಟಿತು.

ಪಟ್ಟಿ ಬಿಗಿಯಿತು. ಹರಿಯಿತೇ? ಅದೆಲ್ಲಿ ಹರಿಯುತ್ತೆ. ಜಾರುಬಂಡೆ ಒಮ್ಮೆ ನಡುಗಿತು. ಬ್ಲೋವರಿನ ಕೊಳವೆ ಫಟ್ಟನೆ ಕಳಚಿತು. ನಾಲ್ಕು ಮೂಲೆಯಲ್ಲಿ ಹಿಡಿದುಕೊಳ್ಳಬೇಕಾದ ಗೂಟಗಳು ಚೂಪಾದವೇ ಅಲ್ಲವೇ, ನಾಲ್ಕೂ ಬಕೆಟ್ಟಿನಲ್ಲಿದ್ದವು. ಅಷ್ಟೆತ್ತರದ ಜಾರುಬಂಡೆ ಎಲ್ಲರ ಕಣ್ಣೆದುರೇ ಬಾಗಿಲು ದಾಟಿ, ಹಸಿ ಬಣ್ಣದ ಕಂಬವನ್ನು ಮೈಗೆ ಒರೆಸಿಕೊಂಡು, ಹರಿಹರದ ರಸ್ತೆ ಹಿಡಿಯಿತು. ಪಾಲಾಕ್ಷಪ್ಪ ಚಪ್ಪಲಿ ಬಿಟ್ಟು ಕಾರಿನ ಹಿಂದೆ ಓಡಿದರು. ತಿಪ್ಪಮ್ಮನಿಗೆ ಮುಖಗಳು ಕಾಣದಿದ್ದರೂ ಅಷ್ಟು ದೊಡ್ಡದು ಹೋಗುವುದು ಕಂಡಿತು. ಮಗನ ಅನ್ನವೇ ಎದ್ದು ಹೋಗುತ್ತಿದೆ ಅನ್ನಿಸಿ, ಅಲ್ಲೇ ನೆಲದ ಮೇಲೆ ಕೂತಳು.

ಓಬಳೇಶ ಅಡ್ಡ ಹೋಗಲಿಲ್ಲ. ಯಾರನ್ನೂ ಮುಟ್ಟಲಿಲ್ಲ. ದೂರ ಸರಿದು ನಿಂತು, ಎರಡೂ ಕೈ ಮುಗಿದು, ಜಾರುಬಂಡೆಗೆ "ಹೋಗಿ ಬನ್ನಿ" ಅಂದ. ಪಾಲಾಕ್ಷಪ್ಪ ತನ್ನ ಮುಂದೆ ಹಾದು ಓಡಿ ಹೋದಾಗ ಅವರಿಗೂ "ಹೋಗಿ ಬನ್ನಿ" ಅಂದ. ಆಮೇಲೆ ಅವ್ವನ ಪಕ್ಕ ಬಂದು ಕುಕ್ಕರಿಸಿದ.

"ಅವ್ವಾ, ಇವತ್ತು ಒಂದೂ ತಪ್ಪಿಲ್ಲ, ಅಲ್ವಾ?"

ತಿಪ್ಪಮ್ಮ ಬಯ್ಯಲಿಲ್ಲ. ಹೊಸ ಬುದ್ಧಿಯನ್ನೂ ಹೇಳಲಿಲ್ಲ. ಅವನ ತಲೆ ಸವರಿ, "ಶರ್ಟು ಬಿಚ್ಚಿಡು ಮಗನೇ. ವಾಪಸ್ ಕೊಡಬೇಕು" ಅಂದಳು.

ಓಬಳೇಶ ಬಿಚ್ಚಿದ. ತಾಡಪಾಲು ಮಡಚುವ ಹಾಗೆ ಅಂಚಿಗೆ ಅಂಚು ಸೇರಿಸಿ ಮಡಚಿ ಖಾಲಿ ಕುರ್ಚಿಯ ಮೇಲಿಟ್ಟ. ಎರಡು ಹೆಜ್ಜೆ ಹಿಂದೆ ಸರಿದು, ಬರೀ ಮೈಯಲ್ಲಿ ನಿಂತು, ಆ ನೀಲಿ ಶರ್ಟಿಗೂ ಕೈ ಮುಗಿದ.

"ಹೋಗಿ ಬನ್ನಿ" ಅಂದ.