ಮೌನೇಶಪ್ಪ ಚಪ್ಪಲಿ ಬಿಟ್ಟ ದಿನ

ದೀಪಕ್ಕೆ ಎಣ್ಣೆ ಹಾಕಿ ರೂಢಿಯಾದ ಕೈಗಳು ಇನ್ನೂ ಸ್ವಿಚ್ಚಿಗೆ ಅಂಜುತ್ತಿದ್ದ ಕಾಲ. ಆಗ ಎಣ್ಣಿಹಾಳ ಅಂತ ಒಂದೂರು. ಆ ಊರಲ್ಲಿ ಮೌನೇಶಪ್ಪ ಅಂತ ಒಬ್ಬನಿದ್ದ. ಬಡಿಗರ ಮನೆಯವನು, ಕಟ್ಟಿಗೆ ಬಿಟ್ಟು ತಂತಿ ಹಿಡಿದ. ಯಾರ ಹತ್ತಿರ ಕಲಿತನೋ ಗೊತ್ತಿಲ್ಲ. ಸಿಡಿಲಿನ ಹತ್ತಿರವೇ ಕಲಿತ ಅನ್ನುತ್ತಾರೆ.

ಗೋಡೆಯೊಳಗಿನ ತಂತಿ ಬಿಸಿಯಾದರೆ ಅವನ ಮೂಗಿಗೆ ಬೀದಿಯಲ್ಲೇ ತಿಳಿಯುತ್ತಿತ್ತು ಅನ್ನುತ್ತಾರೆ. ಒಂದು ಮನೆಯಲ್ಲಿ ಫ್ಯೂಜು ಮೇಲಿಂದ ಮೇಲೆ ಹೋಗುತ್ತಿತ್ತಂತೆ. ಮನೆಯವನು ಬೇಸತ್ತು ಫ್ಯೂಜಿಗೆ ಸೈಕಲ್ಲಿನ ಕಡ್ಡಿ ಸಿಕ್ಕಿಸಿ, ಇನ್ನು ಹೇಗೆ ಹೋಗುತ್ತದೋ ನೋಡುತ್ತೇನೆ ಅಂತ ಮೀಸೆ ತಿರುವಿದನಂತೆ. ಬೀದಿಯಲ್ಲಿ ಹೊರಟಿದ್ದ ಮೌನೇಶಪ್ಪ ಎತ್ತಿದ ಹೆಜ್ಜೆ ಹಾಗೇ ನಿಲ್ಲಿಸಿ, ಒಳಗೆ ನುಗ್ಗಿ ಮೇನ್ ಸ್ವಿಚ್ಚು ಎಳೆದನಂತೆ. ಬೋರ್ಡು ಬಿಚ್ಚಿದರೆ ಹಿಂದಿನ ಗೋಡೆ ಕರ್ರಗಾಗಿತ್ತು. ಮೂಗಿನ ಮಾತು ಎಷ್ಟು ನಿಜವೋ ಏನೋ, ಗೋಡೆ ಕರ್ರಗಾಗಿದ್ದಂತೂ ನಿಜ. ಅದಕ್ಕೆ ಸುಣ್ಣ ಹೊಡೆದವರೇ ಹೇಳಿದ್ದು.

ಅವತ್ತಿನಿಂದ ಅವನ ಮಾತು ಊರಿಗೆಲ್ಲ ಬಾಯಿಪಾಠ. ಬಲ್ಬು ಹೋದರೆ ಮೇನ್ ಆರಿಸಿ ನೀವೇ ಹಾಕ್ರಿ. ಫ್ಯೂಜು ಒಮ್ಮೆ ಹೋದರೆ ಅದೇ ಅಳತೆಯ ತಂತಿ ಕಟ್ರಿ, ಮತ್ತೆ ಹೋದರೆ ನನ್ನ ಕರೀರಿ. ಸ್ವಿಚ್ಚು ಬೆಚ್ಚಗಾದರೆ, ಸುಟ್ಟ ವಾಸನೆ ಬಂದರೆ, ಕಿಡಿ ಹಾರಿದರೆ ಮುಟ್ಟಬ್ಯಾಡ್ರಿ, ಉಣ್ಣುತ್ತಿದ್ದರೂ ನನ್ನ ಎಬ್ಬಿಸ್ರಿ. ಎಬ್ಬಿಸಿದರೆ ಬರುತ್ತಿದ್ದ. ಎಂಜಲುಗೈಯಲ್ಲೇ ಎದ್ದು ಬಂದದ್ದುಂಟು.

ಅವನ ಕಾಲಲ್ಲಿ ಟೈರಿನ ರಬ್ಬರಿನಿಂದ ಮಾಡಿಸಿದ ದಪ್ಪ ಚಪ್ಪಲಿ ಇರುತ್ತಿದ್ದವು. ಕರೆಂಟಿನ ಕೆಲಸ, ಕಾಲಿಗೆ ರಬ್ಬರ್ ಇರಲೇಬೇಕು. ಆ ಊರಲ್ಲಿ ಯಾರ ಮನೆಗೂ ಯಾರೂ ಚಪ್ಪಲಿ ಹಾಕಿಕೊಂಡು ಹೋಗುವವರಲ್ಲ. ಮೌನೇಶಪ್ಪನೊಬ್ಬ ಅಡುಗೆಮನೆಗೂ ಹೋಗಬಹುದಿತ್ತು, ದೇವರ ಕೋಣೆಗೂ ಹೋಗಬಹುದಿತ್ತು. ಅದು ಊರು ಅವನಿಗೆ ಕೊಟ್ಟ ಮರ್ಯಾದೆ.

ಅದೇ ಊರಲ್ಲಿ ಹುಲಿಗೆವ್ವ ಅಂತ ಒಬ್ಬ ಗಟ್ಟಿ ಹೆಂಗಸು. ಹಿತ್ತಿಲಲ್ಲಿ ಬಾವಿ, ಬಾವಿಗೆ ಮೋಟರು, ಮೋಟರಿನಿಂದ ಕಬ್ಬಿಣದ ಪೈಪು, ಪೈಪಿಗೆ ನಳ. ಆ ಬೇಸಿಗೆ ಮಗನಿಗೆ ಮದುವೆಯಾಗಿ ಸಾವಂತ್ರಿ ಅಂತ ಸೊಸೆ ಬಂದಳು. ಬಂದ ವಾರಕ್ಕೆ ಹುಡುಗಿ ನೀರು ತುಂಬಲು ಹೋಗಿ ಕೊಡ ಬಿಟ್ಟಳು. ಹಿತ್ತಾಳೆ ಕೊಡ ನೆಗ್ಗಿತು. ನಳ ಕಚ್ಚುತ್ತದೆ ಅಂದಳು. ಮರುದಿನವೂ ಅದೇ ಮಾತು.

ಹುಲಿಗೆವ್ವ ತಾನೇ ಹೋಗಿ ನಳ ಮುಟ್ಟಿದಳು. ಏನೂ ಇಲ್ಲ. ಸಾವಂತ್ರಿಯ ಗಂಡ ಅವ್ವನ ಮಾತಿಗೆ ಎದುರಾಡದವನು, ತುಂಬಿಟ್ಟ ನೀರಲ್ಲಿ ಮೀಯುವವನು. ಅವನಿಗೂ ಏನೂ ಇಲ್ಲ.

"ಊರಿಗೆಲ್ಲ ಇಲ್ಲದ್ದು ನಿನಗೊಬ್ಬಾಕಿಗೇ ಹೆಂಗ ಕಚ್ಚತೈತಿ, ದೊರೆಸಾನಿ?" ಅಂದಳು ಹುಲಿಗೆವ್ವ. "ನೀರು ಹೊರಾಕ ಮನಸ್ಸಿಲ್ಲ ಅನ್ನು."

ಹುಡುಗಿಯ ಅಪ್ಪನಿಗೆ ಹೇಳಿ ಕಳಿಸಿದರು. ಅವನು ಬಂದು ಪಡಸಾಲೆಯಲ್ಲಿ ತಲೆ ತಗ್ಗಿಸಿ ಕೂತ. ಮೌನೇಶಪ್ಪ ಒಮ್ಮೆ ನೋಡಲಿ, ಅವನು ಏನೂ ಇಲ್ಲ ಅಂದರೆ ಮಗಳನ್ನು ಮಧ್ಯಾಹ್ನದ ಬಸ್ಸಿಗೆ ಕರೆದುಕೊಂಡು ಹೋಗಿಬಿಡಿ ಅಂತ ತೀರ್ಮಾನವಾಯಿತು. ಹೋದರೆ ಮತ್ತೆ ಕರೆಯುವ ಮಾತಿರಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು.

ಮೌನೇಶಪ್ಪ ಬಂದ. ಮೋಟರು ಹಾಕಿಸಿದ. ನಳಕ್ಕೆ ಟೆಸ್ಟರು ಹಿಡಿದ, ಅದರ ದೀಪ ಹೊತ್ತಲಿಲ್ಲ. ಬೆರಳಿನ ಹಿಂಭಾಗದಿಂದ ಮುಟ್ಟಿದ, ಏನೂ ಆಗಲಿಲ್ಲ.

"ನಳ ಛಲೋ ಐತವ್ವಾ," ಅಂದ.

ಅವನು ಅಂದಮೇಲೆ ಮುಗಿಯಿತು. ಹುಡುಗಿ ಅಳಲಿಲ್ಲ. ಟ್ರಂಕು ತಂದು ಹೊಸ್ತಿಲ ಹತ್ತಿರ ಇಟ್ಟಳು. ಹೊರಟ ಮೌನೇಶಪ್ಪನಿಗೆ, "ಅಣ್ಣಾ, ನಾ ನಿಂತಂಗ ನಿಂತು ಮುಟ್ಟಿ ನೋಡ್ರಿ" ಅಂದಳು. ಇಷ್ಟು ವರ್ಷದಲ್ಲಿ ಅವನಿಗೆ ಹಾಗೆ ಹೇಳಿದವರಿರಲಿಲ್ಲ. ಸಿಟ್ಟು ಬಂತು. ಟೆಸ್ಟರು ಜೇಬಿಗೆ ಹಾಕಿ ನಡೆದ.

ಮನೆ ಮುಟ್ಟಿದ. ಊರೆಲ್ಲ ಅವನಿಗೆ ಚಪ್ಪಲಿಯ ಮರ್ಯಾದೆ ಕೊಟ್ಟರೂ ಹೆಂಡತಿ ಕೊಟ್ಟಿರಲಿಲ್ಲ. "ದ್ಯಾವರ ಕೋಣಿಗೆ ಹೋಗಾವ್ರು ಊರಾಗ ಹೋಗ್ರಿ, ನನ್ನ ಮನಿಗೆ ಕಾಲು ತೊಳಕೊಂಡು ಬರ್ರಿ," ಅಂದಳು. ಚಪ್ಪಲಿ ಕಳಚಿ ಕಲ್ಲಿನ ಮೇಲೆ ನಿಂತು ಕಾಲಿಗೆ ನೀರು ಹೊಯ್ದುಕೊಂಡ. ಒದ್ದೆ ಕಲ್ಲು ಅಂಗಾಲಿಗೆ ತಣ್ಣಗೆ ತಾಗಿತು. ಚೊಂಬು ಕೈಯಲ್ಲೇ ಉಳಿಯಿತು. ಆ ಹುಡುಗಿಯ ಕಾಲಲ್ಲಿ ಏನಿತ್ತು? ಏನೂ ಇರಲಿಲ್ಲ. ಹುಲಿಗೆವ್ವನ ಕಾಲಲ್ಲಿ? ಹಿಮ್ಮಡಿ ಒಡೆದಿದೆ ಅಂತ ಹಿತ್ತಿಲಲ್ಲಿ ಸದಾ ರಬ್ಬರ್ ಚಪ್ಪಲಿ.

ಹಾಗೇ ತಿರುಗಿದ. ನಡು ಮಧ್ಯಾಹ್ನದ ಬಿಸಿಲು, ಹಂಚಿನಂಥ ನೆಲ. ಮೌನೇಶಪ್ಪ ಬರಿಗಾಲಲ್ಲಿ ಓಡಿದ್ದನ್ನು ಊರು ನೋಡಿದ್ದು ಅದೇ ಮೊದಲು ಅನ್ನುತ್ತಾರೆ. ಎಲ್ಲೋ ಬೆಂಕಿ ಬಿದ್ದಿದೆ ಅಂತ ಜನ ಹಿಂದೆ ಓಡಿದರಂತೆ.

ಟ್ರಂಕು ಅಪ್ಪನ ತಲೆ ಮೇಲಿತ್ತು. ಮೌನೇಶಪ್ಪ ಯಾರ ಮುಖವನ್ನೂ ನೋಡದೆ ಹಿತ್ತಿಲಿಗೆ ಹೋಗಿ, ಮೋಟರು ಹಾಕ್ರಿ ಅಂದ. ನಳದ ಕೆಳಗಿನ ಒದ್ದೆ ಕಲ್ಲಿನ ಮೇಲೆ, ಹುಡುಗಿ ನಿಲ್ಲುವ ಜಾಗದಲ್ಲಿ ನಿಂತು, ಬೆರಳ ಹಿಂಭಾಗ ತಾಗಿಸಿದ.

ಕೊಟ್ಟಿಗೆಯ ತನಕ ಹಾರಿ ಬಿದ್ದ ಅನ್ನುವವರಿದ್ದಾರೆ. ಪಕ್ಕದ ಹಿತ್ತಿಲಿಗೆ ಬಿದ್ದ ಅನ್ನುವವರೂ ಇದ್ದಾರೆ. ಕಣ್ಣಾರೆ ಕಂಡವರು ಹೇಳುವುದು ಇಷ್ಟೇ: ಧೊಪ್ಪನೆ ಕುಂಡಿ ಊರಿ ಕೂತುಬಿಟ್ಟ.

"ಮೋಟರು ಆರಿಸ್ರಿ," ಅಂದ. ಉಸಿರು ಬಂದ ಮೇಲೆ, ಕೂತಲ್ಲಿಂದಲೇ, ನೆರೆದವರಿಗೆಲ್ಲ ಕೇಳುವ ಹಾಗೆ ಅಂದ: "ಹುಡುಗಿ ಸುಳ್ಳು ಹೇಳಿಲ್ಲ. ಸುಳ್ಳು ಹೇಳಿದ್ದು ನನ್ನ ಚಪ್ಪಲಿ."

ಹುಲಿಗೆವ್ವ ತಾನೂ ನೋಡುತ್ತೇನೆಂದು ಚಪ್ಪಲಿ ಕಳಚಲು ಹೋದಳು.

"ಬ್ಯಾಡ ಯವ್ವಾ, ನಾ ಬಿದ್ದದ್ದು ಸಾಕು. ನಿಮ್ಮನ್ನ ಎತ್ತಾಕ ನಾಕು ಮಂದಿ ಬೇಕು."

ಮೊದಲು ನಕ್ಕವಳು ಸಾವಂತ್ರಿ ಅನ್ನುತ್ತಾರೆ. ಊರ ಹೊರಗೆ ಬಸ್ಸಿನ ಹಾರನ್ನು ಕೇಳಿತು. ಹುಲಿಗೆವ್ವ ಹುಡುಗಿಯ ಅಪ್ಪನಿಗೆ, "ಬೀಗರ, ಟ್ರಂಕು ಒಳಗ ಇಡ್ರಿ. ಊಟದ ಹೊತ್ತಾತು," ಅಂದಳು.

ಮೋಟರಿನೊಳಗೆ ತಂತಿಯ ತೊಗಲು ಸವೆದು ಕರೆಂಟು ಪೈಪಿಗೆ ಇಳಿಯುತ್ತಿತ್ತು. ಹಾಗೆ ಇಳಿದದ್ದನ್ನು ನೆಲದೊಳಕ್ಕೆ ಒಯ್ಯಲೆಂದು ಹಿತ್ತಿಲಲ್ಲಿ ಅರ್ತಿಂಗ್ ಗುಂಡಿ ಇರುತ್ತದೆ. ಬಿಸಿಲಿಗೆ ಅದು ಒಣಗಿ ಬೂದಿಯಾಗಿತ್ತು. ದಾರಿ ಸಿಗದ ಕರೆಂಟು ಪೈಪಿನಲ್ಲೇ ಕಾದು ಕೂತಿತ್ತು, ಬರಿಗಾಲಿನವರು ಯಾರು ಬರುತ್ತಾರೆ ಅಂತ. ಮೌನೇಶಪ್ಪ ಮೋಟರು ಬಿಚ್ಚಿ ತಂತಿ ಬದಲಿಸಿದ. ಗುಂಡಿ ತೋಡಿ ಇದ್ದಿಲು, ಉಪ್ಪು ತುಂಬಿದ. ಇನ್ನು ನೀರು ಬೇಕು ಅಂದ. ಆ ಮೊದಲ ಕೊಡ ಹುಲಿಗೆವ್ವನೇ ಹೊತ್ತು ತಂದಳು.

ಮೌನೇಶಪ್ಪ ಹೋಗಿ ಎಷ್ಟೋ ಕಾಲವಾಯಿತು. ಈಗ ಮೀಟರು ಹಿಡಿದ ಹುಡುಗರು ಬರುತ್ತಾರೆ, ಬರಿಗಾಲಲ್ಲಿ ಮುಟ್ಟುವ ಹುಚ್ಚು ಯಾರಿಗೂ ಬೇಡ. ಆದರೆ ಎಣ್ಣಿಹಾಳದಲ್ಲಿ ಕೆಲಸಕ್ಕೆ ಬಂದವನು ಮೊದಲು ಕೇಳುವುದು ನಳ ಎಲ್ಲಿ ಅಂತಲ್ಲ, ಯಾರಿಗೆ ಕರೆಂಟು ಹೊಡೆಯಿತು ಅಂತ. ಜುಮ್ ಅಂತು ಅಂತ ಮನೆಯಲ್ಲಿ ಯಾರೇ ಅಂದರೂ, ನಿನಗಷ್ಟೇ ಯಾಕೆ ಅನ್ನುವವರಿಲ್ಲ. ಮೇನ್ ಆರಿಸುತ್ತಾರೆ, ಕರೆಯಲು ಹೋಗುತ್ತಾರೆ.

ಮತ್ತೆ ಪ್ರತಿ ವರ್ಷ, ಯುಗಾದಿ ಕಳೆದು ಬಿಸಿಲು ಏರುವಾಗ, ಮನೆಮನೆಯಲ್ಲೂ ಅರ್ತಿಂಗ್ ಗುಂಡಿಗೆ ನೀರು ಹಾಕುತ್ತಾರೆ. ಮೌನೇಶಪ್ಪನ ಕೊಡ ಅನ್ನುತ್ತಾರೆ ಅದಕ್ಕೆ. ಆ ಕೊಡವನ್ನು ಸೊಸೆ ಹೊರುವ ಹಾಗಿಲ್ಲ. ಅತ್ತೆಯೇ ಹೊರಬೇಕು.