ಕೋಲಿನ ತುದಿಯ ಚಿಪ್ಪು

ಐರಿನ್‌ಬಾಯಿಯ ಹಿತ್ತಲಿನ ಟೊಮೆಟೊ ಗಿಡ ಕಾಯಿಯನ್ನೇನೋ ಬಿಡುತ್ತಿತ್ತು, ಆದರೆ ಒಂದೊಂದು ಕಾಯಿಯ ತಳವೂ ಕಪ್ಪಾಗಿ ಕೊಳೆಯುತ್ತಿತ್ತು. "ಮುಂದಿನ ಕಾಯಿಗಳೂ ಹೀಗೇ ಆದರೆ ಕಿತ್ತು ಬಿಸಾಡುತ್ತೇನೆ" ಎಂದು ಆಕೆ ಗದರಿ ಹೋದಳು. ಗಿಡ ತಲೆಯೆತ್ತಿ ಮೇಲೆ ನೋಡಿತು. ಅದರ ಆಸರೆಗೆ ನೆಟ್ಟ ಕೋಲಿನ ತುದಿಯಲ್ಲಿ, ದೃಷ್ಟಿ ತಾಗದಿರಲೆಂದು ಸಿಕ್ಕಿಸಿದ ಮೊಟ್ಟೆಚಿಪ್ಪು ಬೆಳ್ಳಗೆ ಹೊಳೆಯುತ್ತಿತ್ತು.

"ಚಿಪ್ಪಣ್ಣಾ, ನನ್ನ ಬೇರಿಗೆ ಸುಣ್ಣ ಸಾಲದೆ ಕಾಯಿಗಳು ಕೊಳೆಯುತ್ತಿವೆ. ನಿನ್ನ ಮೈಯೆಲ್ಲ ಸುಣ್ಣವೇ. ಕೆಳಗಿಳಿದು ಬಾ" ಎಂದು ಗಿಡ ಬೇಡಿತು.

"ನಾನು ಮಣ್ಣಿಗಿಳಿಯುವುದೇ? ಇಲ್ಲಿದ್ದುಕೊಂಡೇ ನಿನ್ನನ್ನು ಕಾಯುತ್ತಿಲ್ಲವೇ?" ಎಂದಿತು ಚಿಪ್ಪು.

ಬುಡದಲ್ಲಿ ಕೆದಕುತ್ತಿದ್ದ ಕೋಳಿ ಕತ್ತೆತ್ತಿತು. "ಕಾಯುತ್ತಾನಂತೆ! ಲೋ ಮಗನೇ, ನಿನ್ನನ್ನು ಹೊಟ್ಟೆಯಲ್ಲಿ ಗಟ್ಟಿ ಮಾಡಲು ಇದೇ ಮಣ್ಣು ಕೆದಕಿ ಸುಣ್ಣದ ಹರಳು ಹೆಕ್ಕಿ ತಿಂದವಳು ನಾನು. ನಿನ್ನ ಬಿಳುಪೇನು ಆಕಾಶದಿಂದ ಉದುರಿತೇ?"

ಚಿಪ್ಪು ಗಿಡದ ಕೊಳೆತ ಕಾಯಿಗಳನ್ನು ನೋಡಿತು. "ಸರಿ ಅವ್ವಾ, ಬೀಳಿಸು. ಆದರೆ ಮೆಲ್ಲಗೆ."

"ಮೆಲ್ಲಗೆ ಬೀಳಿಸಿದರೆ ನೀನು ಪುಡಿಯಾಗುವುದು ಹೇಗೆ?" ಎನ್ನುತ್ತ ಕೋಳಿ ಹಾರಿ ಚಿಪ್ಪನ್ನು ಕೆಡವಿ, ತುಳಿದು ನುರಿದು ಮಣ್ಣಿಗೆ ಬೆರೆಸಿತು. ನಡುವೆ ಎರಡು ಚೂರು ನುಂಗಿತು ಕೂಡ; ನಾಳೆಯ ಮೊಟ್ಟೆಗೂ ಬೇಕಲ್ಲ.

ಒಂದಷ್ಟು ಮಳೆ ಬಿಸಿಲು ಕಳೆದ ಮೇಲೆ ಬಂದ ಕಾಯಿಗಳ ತಳ ನುಣ್ಣಗಿತ್ತು. ಅವು ಕೆಂಪಾದಾಗ ಐರಿನ್‌ಬಾಯಿ ಬುಟ್ಟಿ ತಂದು ಒಂದೂ ಬಿಡದೆ ಕೊಯ್ದಳು. ಗಿಡ ಬಗ್ಗಿ, "ಚಿಪ್ಪಣ್ಣಾ, ನಾನು ಉಳಿದೆ!" ಎಂದು ಬುಡದ ಮಣ್ಣಿನಲ್ಲಿ ಅವನನ್ನು ಹುಡುಕಿತು.

"ಅಲ್ಲೇನು ಹುಡುಕುತ್ತೀಯೇ?" ಎಂದಿತು ಕೋಳಿ. "ಬುಟ್ಟಿಯಲ್ಲಿ ನೋಡು."